38ಕ್ಕೇ ಪಾರ್ಕಿನ್ಸನ್: ಲೆವೊಡೋಪಾ ಈಗಲೇ ಶುರು ಮಾಡಬೇಕಾ, ಮುಂದಕ್ಕೆ ಉಳಿಸಿಕೊಳ್ಳಬೇಕಾ?

ಬಲಗೈ ಮುಷ್ಕರ

ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಈಗ ಬರೆಯುವ ಸರದಿ ಬಂತು. ವಯಸ್ಸು 38. ಹೋದ ತಿಂಗಳು ಪಾರ್ಕಿನ್ಸನ್ ಅಂತ ಖಚಿತ ಮಾಡಿದರು.

ನನಗೆ ನಡುಕ ಇಲ್ಲ. ಚೂರೂ ಇಲ್ಲ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮೊದಲು ಬಲಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್ ಅಂದರು, ತಿಂಗಳುಗಟ್ಟಲೆ ಅದಕ್ಕೇ ಚಿಕಿತ್ಸೆ ನಡೆಯಿತು. ಆಮೇಲೆ ಮೌಸ್‌ನಲ್ಲಿ ಡಬಲ್ ಕ್ಲಿಕ್ ಆಗದೆ ಹೋಯಿತು. ಒಂದು ಸಲ ಒತ್ತಿದ ಬೆರಳು ಎರಡನೇ ಸಲಕ್ಕೆ ಏಳುವಷ್ಟರಲ್ಲಿ ತಡವಾಗಿ, ಫೈಲ್ ತೆರೆಯುವ ಬದಲು ಅದರ ಹೆಸರು ಬದಲಾಯಿಸಿ ಅಂತ ಕೇಳುತ್ತಿತ್ತು. ಮೌಸ್ ಕೆಟ್ಟಿದೆ ಅಂದುಕೊಂಡು ಹೊಸದು ತಂದೆ. ಅದೂ ಹಾಗೇ. ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನವರು ಚೆಕ್ ವಾಪಸ್ ಮಾಡಿದರು. ಓಡಲು ಹೋದರೆ ಸ್ವಲ್ಪ ದೂರಕ್ಕೇ ಬಲಗಾಲಿನ ಬೆರಳುಗಳು ಶೂ ಒಳಗೆ ಮುದುಡಿಕೊಳ್ಳುತ್ತಿದ್ದವು. ಕೊನೆಗೆ ಹೆಂಡತಿ ಯಾವುದೋ ವಿಡಿಯೋ ನೋಡುತ್ತಾ "ರೀ, ನಡೆಯುವಾಗ ನಿಮ್ಮ ಬಲಗೈ ಬೀಸುವುದೇ ಇಲ್ವಲ್ಲ?" ಅಂದಳು. ಆಮೇಲೆ ನರರೋಗ ತಜ್ಞರ ಹತ್ತಿರ ಹೋದದ್ದು. ಎಂಆರ್‌ಐ ಏನೂ ತೋರಿಸಲಿಲ್ಲ.

ಈಗ ಸಮಸ್ಯೆ ಬೇರೆ. ಮೊದಲು ನೋಡಿದ ಡಾಕ್ಟರು ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ, ಅಂದರೆ ಮೆದುಳಿನಲ್ಲಿ ಕಮ್ಮಿಯಾದ ಡೋಪಮಿನ್ ತುಂಬಿಕೊಡುವ ಮಾತ್ರೆ, ಬರೆದರು. ಇನ್ನೊಬ್ಬರನ್ನೂ ಕೇಳೋಣ ಅಂತ ಹೋದರೆ ಅವರು "ನಿಮಗಿನ್ನೂ ಚಿಕ್ಕ ವಯಸ್ಸು, ಲೆವೊಡೋಪಾ ಈಗಲೇ ಬೇಡ, ಪ್ರಮಿಪೆಕ್ಸೋಲ್ ಅನ್ನುವ ಬೇರೆ ಮಾತ್ರೆಯಿಂದ ಶುರು ಮಾಡೋಣ" ಅಂದರು. ಬಂಧುಗಳು "ಲೆವೊಡೋಪಾ ಐದು ವರ್ಷ ಮಾತ್ರ ಕೆಲಸ ಮಾಡುತ್ತದಂತೆ, ಆಮೇಲೆ ದೇವರೇ ಗತಿ" ಅನ್ನುತ್ತಾರೆ. ಎರಡೂ ಚೀಟಿ ಮೇಜಿನ ಮೇಲಿವೆ. ಇನ್ನೂ ಒಂದು ಮಾತ್ರೆಯನ್ನೂ ನುಂಗಿಲ್ಲ. ನೀವೆಲ್ಲ ಏನು ಮಾಡಿದಿರಿ?

ನಿಧಾನವೇ ಪ್ರಧಾನ

ಬನ್ನಿ ಸರ್, ಕೂತ್ಕೊಳ್ಳಿ. ಇಲ್ಲಿ ಎಲ್ಲರೂ ನಿಮ್ಮ ಜೊತೆಯವರೇ.

ನನಗೆ ಗೊತ್ತಾದಾಗ 41. ಈಗ ಐವತ್ತು ದಾಟಿದೆ. ಇನ್ನೂ ಕೆಲಸಕ್ಕೆ ಹೋಗುತ್ತೇನೆ. ಲೆವೊಡೋಪಾ ಇಷ್ಟು ವರ್ಷವೂ ಕೆಲಸ ಮಾಡಿದೆ, ಇವತ್ತೂ ಮಾಡುತ್ತಿದೆ. ಐದು ವರ್ಷಕ್ಕೆ ಮುಗಿಯುತ್ತದೆ ಅನ್ನುವುದು ಬರೀ ಗಾಳಿಮಾತು. ಆಗುವುದು ಇಷ್ಟು: ಮೊದಮೊದಲು ಒಂದು ಮಾತ್ರೆ ಇಡೀ ಅರ್ಧ ದಿನ ಹಿಡಿದು ನಿಲ್ಲಿಸುತ್ತದೆ. ವರ್ಷ ಕಳೆದಂತೆ ಅದರ ಪ್ರಭಾವ ಬೇಗ ಇಳಿಯುತ್ತದೆ. ಮೂರು ಹೊತ್ತಿನ ಮಾತ್ರೆ ಐದು ಹೊತ್ತು ಆಗುತ್ತದೆ. ಮಾತ್ರೆ ಹತ್ತಿದಾಗ ಕೆಲವರಿಗೆ ಮೈ ತಾನಾಗಿ ತೂಗುತ್ತದೆ, ತಿರುಚುತ್ತದೆ. ಅದೇ ಡಿಸ್ಕೈನೇಷಿಯಾ. ಹಾಗೆ ಆಗುವುದು ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ತಯಾರಿಸುವ ಕೋಶಗಳು ಇನ್ನಷ್ಟು ಕಮ್ಮಿಯಾಗಿ, ಮಾತ್ರೆಯಿಂದ ಬಂದ ಡೋಪಮಿನ್ನನ್ನು ಹಿಡಿದಿಟ್ಟುಕೊಳ್ಳಲು ಜಾಗ ಇಲ್ಲದಿರುವುದರಿಂದ. ನೀವು ಮಾತ್ರೆ ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ ಆ ಕೋಶಗಳು ತಮ್ಮ ಪಾಡಿಗೆ ಕಮ್ಮಿಯಾಗುತ್ತಲೇ ಇರುತ್ತವೆ.

ಲೆವೊಡೋಪಾ ಬ್ಯಾಂಕಿನ ಠೇವಣಿ ಅಲ್ಲ ಸರ್, ಮುಟ್ಟದೆ ಇಟ್ಟರೆ ಬಡ್ಡಿ ಸೇರಲು. ಉಳಿಸಿಟ್ಟ ಆ ವರ್ಷಗಳಲ್ಲಿ ನೀವು ಕಳೆದುಕೊಳ್ಳುವುದು ನಿಮ್ಮ ಬಲಗೈಯನ್ನು.

ಸಂಶಯಪಿಶಾಚಿ

ಇಲ್ಲಿ ಎಲ್ಲರೂ ಲೆವೊಡೋಪಾ ಏಜೆಂಟರ ಥರ ಮಾತಾಡುವುದು ನೋಡಿದರೆ ನನಗೆ ಭಯ ಆಗುತ್ತದೆ. ನಮ್ಮ ಚಿಕ್ಕಪ್ಪನಿಗೆ 36ಕ್ಕೆ ಬಂತು. ಮೊದಲ ದಿನದಿಂದಲೇ ಲೆವೊಡೋಪಾ. ಮೂರು ವರ್ಷ ತುಂಬುವ ಮೊದಲೇ ಕುರ್ಚಿ ಮೇಲೆ ಕೂರಲು ಆಗದಷ್ಟು ಮೈ ಕುಣಿತ. ಚಿಕ್ಕ ವಯಸ್ಸಿನವರಿಗೆ ಡಿಸ್ಕೈನೇಷಿಯಾ ಜಾಸ್ತಿ ಅಂತ ಎಲ್ಲಾ ಪುಸ್ತಕಗಳಲ್ಲೂ ಇದೆ. ಅದನ್ನು ಯಾಕೆ ಹೇಳುವುದಿಲ್ಲ ನೀವು?

ನರಮಂಡಲ

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ನಿಮ್ಮನ್ನು ಪರೀಕ್ಷೆ ಮಾಡಿಲ್ಲ, ಹಾಗಾಗಿ ಡೋಸ್ ವಿಷಯ ಮಾತಾಡುವುದಿಲ್ಲ. ಸಾಮಾನ್ಯವಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಸಂಶಯಪಿಶಾಚಿಯವರ ಮಾತಿನಲ್ಲಿ ಅರ್ಧ ನಿಜ ಇದೆ. 50ಕ್ಕೆ ಮೊದಲು, ಅದರಲ್ಲೂ 40ಕ್ಕೆ ಮೊದಲು ಶುರುವಾದವರಿಗೆ ಡಿಸ್ಕೈನೇಷಿಯಾ ಬೇಗ ಬರುತ್ತದೆ, ಜಾಸ್ತಿಯೂ ಬರುತ್ತದೆ. ಆದರೆ ಮಾತ್ರೆ ಮುಂದೂಡಿದರೆ ಅದು ತಪ್ಪುತ್ತದಾ? ಇಲ್ಲಿಗೆ ಉಪಯೋಗ ಆಗುವ ಒಂದು ಅಧ್ಯಯನ 2014ರಲ್ಲಿ ಬಂತು. ಘಾನಾದ ರೋಗಿಗಳನ್ನು ಇಟಲಿಯವರ ಜೊತೆ ಹೋಲಿಸಿದರು. ಘಾನಾದಲ್ಲಿ ಲೆವೊಡೋಪಾ ಕೈಗೆ ಸಿಗುವುದೇ ತಡ, ಹಾಗಾಗಿ ಅಲ್ಲಿಯವರು ರೋಗ ಶುರುವಾಗಿ ಸರಾಸರಿ 4 ವರ್ಷ ಕಳೆದ ಮೇಲೆ ಮಾತ್ರೆ ಶುರು ಮಾಡಿದ್ದರು. ಇಟಲಿಯವರು ಸುಮಾರು ಎರಡೂವರೆ ವರ್ಷಕ್ಕೇ ಶುರು ಮಾಡಿದ್ದರು. ಡಿಸ್ಕೈನೇಷಿಯಾ ಮಾತ್ರ ಇಬ್ಬರಿಗೂ ರೋಗ ಬಂದು ಹೆಚ್ಚುಕಮ್ಮಿ ಅಷ್ಟೇ ವರ್ಷಕ್ಕೆ ಬಂತು. ತಡವಾಗಿ ಶುರು ಮಾಡಿದವರಿಗೆ ಲಾಭ ಏನೂ ಸಿಗಲಿಲ್ಲ. ನಡುವಿನ ವರ್ಷಗಳನ್ನು ಅವರು ಮಾತ್ರೆ ಇಲ್ಲದೆ ಕಷ್ಟಪಟ್ಟು ಕಳೆದರು, ಅಷ್ಟೇ.

2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೀಪ್ ಅಧ್ಯಯನ ಬಂತು. 445 ಜನ. ಅರ್ಧ ಜನಕ್ಕೆ ಕೂಡಲೇ ಲೆವೊಡೋಪಾ, ಉಳಿದವರಿಗೆ 40 ವಾರ ಬಿಟ್ಟು. 80 ವಾರದ ಕೊನೆಗೆ ನೋಡಿದರೆ ಇಬ್ಬರ ಸ್ಥಿತಿಯಲ್ಲೂ ಗಣನೀಯ ವ್ಯತ್ಯಾಸ ಇರಲಿಲ್ಲ. ಮಾತ್ರೆ ಬೇಗ ಶುರು ಮಾಡಿದ್ದರಿಂದ ರೋಗದ ಓಟ ನಿಧಾನ ಆಗಲೂ ಇಲ್ಲ, ಜೋರಾಗಲೂ ಇಲ್ಲ.

ಡೋಸ್ ಮಾತ್ರ ಮುಖ್ಯ. ದಿನಕ್ಕೆ 400 ಮಿ.ಗ್ರಾಂ. ಲೆವೊಡೋಪಾ ದಾಟಿದ ಮೇಲೆ ಡಿಸ್ಕೈನೇಷಿಯಾ ಸಂಭವ ಏರುತ್ತದೆ. ಅದಕ್ಕೇ ಚಿಕ್ಕವರಿಗೆ ಕೆಲಸ ನಡೆಯುವಷ್ಟು ಕಡಿಮೆ ಡೋಸ್ ಇಟ್ಟು, ಬೇಕಾದರೆ ರಾಸಜಿಲಿನ್‌ನಂಥ ಇನ್ನೊಂದು ಮಾತ್ರೆ ಸೇರಿಸುತ್ತೇವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಮ್ಮ ಇಬ್ಬರು ಡಾಕ್ಟರುಗಳೂ ತಪ್ಪು ಹೇಳಿಲ್ಲ. ಒಬ್ಬರು ಈಗಿನ ಕೆಲಸ ನೋಡಿದರು, ಇನ್ನೊಬ್ಬರು ಮುಂದಿನ ಡಿಸ್ಕೈನೇಷಿಯಾ ನೋಡಿದರು.

ಒಂದು ಪ್ರಶ್ನೆ. ವಿಲ್ಸನ್ ಕಾಯಿಲೆಗೆ ಪರೀಕ್ಷೆ ಮಾಡಿದ್ದಾರಾ? ನಿಮ್ಮ ವಯಸ್ಸಿನಲ್ಲಿ ಅದನ್ನು ಬಿಡಬಾರದು. ಮೈಯಲ್ಲಿ ತಾಮ್ರ ಸೇರಿಕೊಂಡು ಇದೇ ಥರ ಕಾಣುತ್ತದೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಮತ್ತೆ ವಾಂತಿಗೆ, ತಲೆಸುತ್ತಿಗೆ, ಮಾನಸಿಕ ಕಾಯಿಲೆಗೆ ಅಂತ ದೀರ್ಘಕಾಲ ಯಾವುದಾದರೂ ಮಾತ್ರೆ ನುಂಗುತ್ತಿದ್ದಿರಾ? ಮೆಟೊಕ್ಲೊಪ್ರಮೈಡ್, ಸಿನ್ನರಿಜಿನ್, ಫ್ಲುನಾರಿಜಿನ್ ಇವೆಲ್ಲ ಪಾರ್ಕಿನ್ಸನ್ ಥರದ ಲಕ್ಷಣ ತರಿಸುತ್ತವೆ. ನಿಲ್ಲಿಸಿದರೆ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ.

ಬಲಗೈ ಮುಷ್ಕರ

ಸೆರುಲೊಪ್ಲಾಸ್ಮಿನ್ ರಕ್ತಪರೀಕ್ಷೆ, ಮೂತ್ರದಲ್ಲಿ ತಾಮ್ರ, ಕಣ್ಣಿನ ಪರೀಕ್ಷೆ ಎಲ್ಲ ಆಯಿತು ಡಾಕ್ಟರ್. ಎಲ್ಲ ಸರಿಯಿದೆ. ಆ ಮಾತ್ರೆಗಳನ್ನೂ ನಾನು ತೆಗೆದುಕೊಂಡಿಲ್ಲ. ಡೋಪಮಿನ್ ಸ್ಕ್ಯಾನ್ ಕೂಡ ಮಾಡಿಸಿದರು. ಮೆದುಳಿನ ಎಡಭಾಗದಲ್ಲಿ ಕಮ್ಮಿ ಕಾಣಿಸಿತು.

ಪ್ರಮಿಪೆಕ್ಸೋಲ್ ಬಗ್ಗೆ ಯಾರಾದರೂ ಹೇಳುತ್ತೀರಾ?

ಅರ್ಧಾಂಗಿ

ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯವರಿಗೆ 43ಕ್ಕೆ ಗೊತ್ತಾಯಿತು. ಲೆವೊಡೋಪಾ ಮುಂದೂಡೋಣ ಅಂತ ಇದೇ ಮಾತ್ರೆ ಕೊಟ್ಟರು. ಕೈಕಾಲು ಸಲೀಸಾಯಿತು, ನಗು ವಾಪಸ್ ಬಂತು. ಖುಷಿಪಟ್ಟೆವು. ಡೋಸ್ ಏರಿಸಿದ ಕೆಲವು ತಿಂಗಳಿಗೆ ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಪಕ್ಕದಲ್ಲಿ ಇವರಿಲ್ಲ. ಹಾಲ್‌ನಲ್ಲಿ ದೀಪ ಆರಿಸಿ ಫೋನ್ ಹಿಡಿದು ಕೂತಿರುತ್ತಿದ್ದರು. ಕಾಯಿಲೆಗೆ ನಿದ್ದೆ ಬರುವುದಿಲ್ಲ ಪಾಪ ಅಂದುಕೊಂಡೆ. ಆಮೇಲೆ ಪಾರ್ಸೆಲ್‌ಗಳು ಬರಲು ಶುರುವಾದವು. ಡ್ರಿಲ್ಲಿಂಗ್ ಮೆಷಿನ್, ಅದೇ ಥರದ್ದು ಇನ್ನೊಂದು, ಮತ್ತೊಂದು. ಬಿಚ್ಚುತ್ತಲೂ ಇರಲಿಲ್ಲ, ಮಂಚದ ಕೆಳಗೆ ಸೇರಿಸುತ್ತಿದ್ದರು. ಒಂದು ದಿನ ಮಗನ ಫೀಸು ಕಟ್ಟಲು ಹೋದರೆ ಖಾತೆಯಲ್ಲಿ ದುಡ್ಡಿಲ್ಲ. ಎಲ್ಲ ಆನ್‌ಲೈನ್ ಬೆಟ್ಟಿಂಗ್‌ಗೆ ಹೋಗಿತ್ತು. ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ ಇವರು.

ನಾನು ಬೈದೆ, ಕಣ್ಣೀರು ಹಾಕಿದೆ, ಅವರಣ್ಣನನ್ನು ಕರೆಸಿದೆ. ಇವರು ಆಣೆ ಪ್ರಮಾಣ ಮಾಡಿದರು. ಮರುವಾರ ಮತ್ತೆ ಅದೇ. ಇನ್ನೊಬ್ಬ ಡಾಕ್ಟರನ್ನು ನೋಡಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಜೂಜು, ಖರೀದಿ, ತಿನ್ನುವುದು, ಲೈಂಗಿಕ ಆಸೆ, ಇದರಲ್ಲಿ ಯಾವುದಾದರೂ ಕೈಮೀರಿದೆಯಾ?" ಅಂತ. ಇವರು ಅಲ್ಲೇ ಕುಸಿದು ಅತ್ತುಬಿಟ್ಟರು. ಅದು ಮಾತ್ರೆಯ ಅಡ್ಡಪರಿಣಾಮ ಅಂತ ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ಈ ಗುಂಪಿನ ಮಾತ್ರೆ ಎಲ್ಲರಿಗೂ ಹೀಗೆ ಮಾಡುವುದಿಲ್ಲ. ಚೆನ್ನಾಗಿ ಒಗ್ಗಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಶುರು ಮಾಡುವ ದಿನವೇ ಹೆಂಡತಿಗೋ ಗಂಡನಿಗೋ ಅಮ್ಮನಿಗೋ ಹೇಳಿಡಿ. ಯಾಕೆಂದರೆ ಮಾಡುತ್ತಿರುವವರಿಗೆ ಅದು ತಪ್ಪು ಅಂತಲೇ ಅನಿಸುವುದಿಲ್ಲ. ಬ್ಯಾಂಕ್ ಮೆಸೇಜು ಇನ್ನೊಬ್ಬರ ಫೋನಿಗೂ ಬರುವ ಹಾಗೆ ಮಾಡಿಕೊಳ್ಳಿ.

ನರಮಂಡಲ

ಅರ್ಧಾಂಗಿ ಮೇಡಂ ಬರೆದದ್ದನ್ನು ಈ ಮಾತ್ರೆ ಬರೆಯುವ ಪ್ರತಿಯೊಬ್ಬ ಡಾಕ್ಟರೂ ಓದಬೇಕು. ಅಂಕಿ ಬೇಕೆನ್ನುವವರಿಗೆ: 2010ರ ಡೊಮಿನಿಯನ್ ಅಧ್ಯಯನದಲ್ಲಿ ಡೋಪಮಿನ್ ಅಗೊನಿಸ್ಟ್ ಮಾತ್ರೆ, ಅಂದರೆ ಡೋಪಮಿನ್ನಂತೆಯೇ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದವು, ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 17 ಜನಕ್ಕೆ ಇಂಥ ಹಿಡಿತ ತಪ್ಪಿದ ನಡವಳಿಕೆ ಇತ್ತು. ತೆಗೆದುಕೊಳ್ಳದವರಲ್ಲಿ ಶೇ. 7ರ ಹತ್ತಿರ. ಚಿಕ್ಕ ವಯಸ್ಸಿನವರಿಗೆ ಅಪಾಯ ಜಾಸ್ತಿ. ಲೆವೊಡೋಪಾ ಉಳಿಸಲು ಹೋಗಿ ಅದೇ ವಯಸ್ಸಿನವರಿಗೇ ಇದನ್ನು ಕೊಡುತ್ತೇವೆ ಅನ್ನುವುದು ವಿಪರ್ಯಾಸ.

ಇದನ್ನು ಓದಿ ಹೆದರಿ ಇವತ್ತೇ ಮಾತ್ರೆ ಎಸೆಯಬೇಡಿ. ಈ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ವಿಪರೀತ ಆತಂಕ, ಬೆವರು, ಖಿನ್ನತೆ ಬರಬಹುದು. ಲೆವೊಡೋಪಾ ದಿಢೀರ್ ನಿಲ್ಲಿಸಿದರೆ ಮೈ ಬಿಗಿದು ಜ್ವರ ಏರಿ ಜೀವಕ್ಕೇ ಅಪಾಯ ಆದದ್ದಿದೆ. ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು. ಇನ್ನೊಂದು: ಅಗೊನಿಸ್ಟ್ ತೆಗೆದುಕೊಳ್ಳುವವರಿಗೆ ಹಗಲೇ ತಟ್ಟನೆ ನಿದ್ದೆ ಬೀಳಬಹುದು. ಗಾಡಿ ಓಡಿಸುವವರು ಹುಷಾರು.

ಬಲಗೈ ಮುಷ್ಕರ

ಮೇಡಂ, ನಿಮ್ಮದನ್ನು ಹೆಂಡತಿಗೆ ಓದಿಸಿದೆ. ಅವಳು ಎರಡನೇ ಚೀಟಿ ಎತ್ತಿಟ್ಟಳು. ನಿಮ್ಮವರು ಈಗ ಹೇಗಿದ್ದಾರೆ?

ಅರ್ಧಾಂಗಿ

ಆ ಮಾತ್ರೆ ನಿಧಾನವಾಗಿ ಇಳಿಸಿ ನಿಲ್ಲಿಸಿದ ಮೇಲೆ ಮನುಷ್ಯ ಮೊದಲಿನಂತಾದರು. ಸಾಲ ಮಾತ್ರ ಇನ್ನೂ ತೀರುತ್ತಿದೆ.

ಫಿಸಿಯೋ ಅಕ್ಕ

ಎಲ್ಲರೂ ಮಾತ್ರೆಯ ಬಗ್ಗೆಯೇ ಮಾತಾಡುತ್ತಿದ್ದೀರಿ, ನನ್ನ ಪಾಲಿನದು ಹೇಳಿಬಿಡುತ್ತೇನೆ. ವ್ಯಾಯಾಮ ಅಂದರೆ ಸಂಜೆ ಒಂದು ಸುತ್ತು ನಡೆದು ಬರುವುದು ಅಂದುಕೊಂಡಿದ್ದೀರಾ? ಸಾಲದು. ಏದುಸಿರು ಬರಬೇಕು. 2018ರ ಸ್ಪಾರ್ಕ್ಸ್ ಅಧ್ಯಯನದಲ್ಲಿ 128 ಜನರಿದ್ದರು, ಇನ್ನೂ ಮಾತ್ರೆ ಶುರು ಮಾಡದವರು. ಟ್ರೆಡ್‌ಮಿಲ್ ಮೇಲೆ ಗರಿಷ್ಠ ಹೃದಯ ಬಡಿತದ ಶೇ. 80ರಿಂದ 85ರಷ್ಟು ವೇಗದಲ್ಲಿ ನಡೆದವರಿಗೆ ಆರು ತಿಂಗಳಲ್ಲಿ ಲಕ್ಷಣಗಳ ತೀವ್ರತೆ ಅಳೆಯುವ ಅಂಕ ಬಹುತೇಕ ಏರಲೇ ಇಲ್ಲ. ಸುಮ್ನೆ ಇದ್ದವರಿಗೆ 3 ಅಂಕ ಏರಿತು. ರೋಗವೇ ನಿಂತಿತು ಅಂತ ಇದರಿಂದ ಹೇಳಲು ಆಗುವುದಿಲ್ಲ. ಹಾಗಂತ ಕಡೆಗಣಿಸುವ ಫಲಿತಾಂಶವೂ ಅಲ್ಲ.

ಚಿಕ್ಕ ವಯಸ್ಸಿನವರಿಗೆ ನಾನು ಕೊಡುವುದು ಹೀಗೆ: ಕೈ ಬೀಸುವಾಗ ಬೇಕೆಂದೇ ಅತಿ ಎನಿಸುವಷ್ಟು ಬೀಸುವುದು, ಹೆಜ್ಜೆ ಅತಿ ಎನಿಸುವಷ್ಟು ದೊಡ್ಡದು. ನಿಮಗೆ ನಾಟಕ ಆಡಿದಂತೆ ಅನಿಸುತ್ತದೆ. ನೋಡುವವರಿಗೆ ಸಾಮಾನ್ಯ ನಡಿಗೆ ಕಾಣುತ್ತದೆ. ಈ ಕಾಯಿಲೆಯಲ್ಲಿ ಮೆದುಳಿಗೆ ಅಳತೆ ತಪ್ಪಿರುತ್ತದೆ. ದನಿಗೂ ಹಾಗೇ. ನೀವು ಕೂಗಿದಂತೆ ಅಂದುಕೊಂಡು ಮಾತಾಡಿದರೆ ಎದುರಿನವರಿಗೆ ಸರಿಯಾಗಿ ಕೇಳಿಸುತ್ತದೆ.

ಮುಷ್ಕರದ ಅಣ್ಣ, ಓಡುವಾಗ ಬೆರಳು ಮುದುಡುವುದು ಡಿಸ್ಟೋನಿಯಾ, ಅಂದರೆ ಸ್ನಾಯು ತಾನಾಗಿ ಬಿಗಿದು ತಿರುಚಿಕೊಳ್ಳುವುದು. ಚಿಕ್ಕ ವಯಸ್ಸಿನಲ್ಲಿ ಶುರುವಾದವರಲ್ಲಿ ಎಷ್ಟೋ ಸಲ ಅದೇ ಮೊದಲ ಲಕ್ಷಣ. ಬೇರೆ ಶೂ ತೆಗೆದುಕೊಂಡರೆ ಹೋಗುವುದಿಲ್ಲ. ಮಾತ್ರೆಗೆ ಬಗ್ಗುತ್ತದೆ. ಬಗ್ಗದಿದ್ದರೆ ಬೊಟುಲಿನಮ್ ಇಂಜೆಕ್ಷನ್ ಇದೆ. ಸದ್ಯಕ್ಕೆ ಸೈಕಲ್ ತುಳಿಯಿರಿ.

ಸಂಶಯಪಿಶಾಚಿ

ವ್ಯಾಯಾಮ ಒಪ್ಪಿದೆ. ಹಾಗಾದರೆ ನಸುಗುನ್ನಿ ಬೀಜದ ಪುಡಿ ಯಾಕಾಗಬಾರದು? ಅದರಲ್ಲಿ ಇರುವುದೂ ಲೆವೊಡೋಪಾನೇ, ಅದೂ ಗಿಡದಿಂದ ಬಂದದ್ದು.

ನರಮಂಡಲ

ಇರುವುದು ನಿಜ. ಆ ಕಾರಣಕ್ಕೇ ಅದು ಔಷಧ, ತಿಂಡಿ ಅಲ್ಲ. ಒಂದು ಪೊಟ್ಟಣದಲ್ಲಿ ಎಷ್ಟು ಲೆವೊಡೋಪಾ ಇದೆ, ಇನ್ನೊಂದರಲ್ಲಿ ಎಷ್ಟು ಅಂತ ತಿಳಿಯುವುದಿಲ್ಲ. ಕಾರ್ಬಿಡೋಪಾ ಅದರಲ್ಲಿ ಇರುವುದಿಲ್ಲ. ಲೆವೊಡೋಪಾ ಮೆದುಳು ತಲುಪುವ ಮೊದಲೇ ಮೈಯಲ್ಲಿ ಡೋಪಮಿನ್ ಆಗಿ ಬದಲಾಗದಂತೆ ತಡೆಯುವುದು ಕಾರ್ಬಿಡೋಪಾ. ಅದಿಲ್ಲದಿದ್ದರೆ ವಾಕರಿಕೆ ಜಾಸ್ತಿ, ಮೆದುಳಿಗೆ ಸಿಗುವುದು ಕಮ್ಮಿ. ಇನ್ನು ಮಾತ್ರೆಯ ಜೊತೆ ಪುಡಿಯನ್ನೂ ಸೇರಿಸಿದರೆ ನಿಮ್ಮ ಡೋಸ್ ಎಷ್ಟು ಅನ್ನುವುದೇ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಈಗಾಗಲೇ ತಗೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.

ಸಂಶಯಪಿಶಾಚಿ

ನಮ್ಮ ಡಾಕ್ಟರು ಬೈಯುತ್ತಾರೆ ಸ್ವಾಮಿ. ಆದರೂ ಹೇಳುತ್ತೇನೆ.

ಪುಟ್ಟಿಯ ಅಮ್ಮ

ಎಲ್ಲ ಗಂಡಸರ ಮಾತೇ ಆಯಿತು. ನನಗೆ 34. ಮುಟ್ಟಿಗೆ ಒಂದು ವಾರ ಮುಂಚೆ ನನ್ನ ಮಾತ್ರೆಗಳು ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಕಾಲು ಎಳೆಯುತ್ತದೆ, ಮಗುವಿನ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಮುಟ್ಟಾದ ಮೇಲೆ ತಾನಾಗಿ ಸರಿಹೋಗುತ್ತದೆ. ಇದನ್ನು ಹೇಳಿದಾಗ ಒಬ್ಬ ಡಾಕ್ಟರು "ಮನಸ್ಸಿನ ಭ್ರಮೆ ಇರಬೇಕು" ಅಂದುಬಿಟ್ಟರು. ಇನ್ನೊಂದು ಮಗು ಬೇಕು ಅಂತಲೂ ಆಸೆ. ಬಾಯಿಬಿಟ್ಟು ಕೇಳಲು ಧೈರ್ಯ ಬರುತ್ತಿಲ್ಲ.

ನರಮಂಡಲ

ಭ್ರಮೆ ಅಲ್ಲ ಮೇಡಂ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಲಕ್ಷಣ ಜಾಸ್ತಿಯಾಗುವುದನ್ನು ನಿಮ್ಮ ವಯಸ್ಸಿನ ಎಷ್ಟೋ ಹೆಂಗಸರು ಹೇಳುತ್ತಾರೆ. ಎರಡು ಮೂರು ತಿಂಗಳು ದಿನಚರಿ ಬರೆದಿಡಿ: ಮುಟ್ಟಿನ ದಿನ, ಮಾತ್ರೆಯ ಹೊತ್ತು, ಎಷ್ಟು ಹೊತ್ತಿಗೆ ಇಳಿಯಿತು. ಬರೆದದ್ದು ಮುಂದಿಟ್ಟರೆ ಯಾರೂ ಭ್ರಮೆ ಅನ್ನುವುದಿಲ್ಲ, ಆ ವಾರಕ್ಕೆ ಡೋಸ್ ಹೊಂದಿಸಲು ದಾರಿಯೂ ಆಗುತ್ತದೆ.

ಮಗುವಿನ ವಿಷಯ: ಪಾರ್ಕಿನ್ಸನ್ ಇದ್ದವರು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಗರ್ಭಿಣಿಯರಲ್ಲಿ ಹೆಚ್ಚು ಅನುಭವ ಇರುವುದು ಲೆವೊಡೋಪಾದ ಬಗ್ಗೆ, ಹಾಗಾಗಿ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ಪಾರ್ಕಿನ್ಸನ್‌ಗೆ ಕೊಡುವ ಇನ್ನೊಂದು ಮಾತ್ರೆ ಅಮಾಂಟಡಿನ್ ಬೇಡ. ಬಸುರಿನಲ್ಲಿ ಕೆಲವರಿಗೆ ಲಕ್ಷಣ ಜಾಸ್ತಿ ಆಗುತ್ತದೆ. ಡೋಪಮಿನ್ ಅಗೊನಿಸ್ಟ್‌ಗಳು ಎದೆಹಾಲು ಬತ್ತಿಸುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಸಿರಾದ ಮೇಲೆ ಓಡಿಹೋಗುವ ಬದಲು ಮೊದಲೇ ನರರೋಗ ತಜ್ಞರು, ಹೆರಿಗೆ ಡಾಕ್ಟರು ಇಬ್ಬರನ್ನೂ ಕಂಡು ಮಾತ್ರೆ ಬದಲಿಸಿಕೊಳ್ಳಿ.

ತಂಗಿಗಾಗಿ

ಇದೇ ಸಾಲಿನಲ್ಲಿ ನನ್ನದೊಂದು. ತಂಗಿಗೆ 27ಕ್ಕೇ ಬಂತು. ಅಪ್ಪ-ಅಮ್ಮ ಸಂಬಂಧಿಕರು. ಜೀನ್ ಪರೀಕ್ಷೆಯಲ್ಲಿ ಪಾರ್ಕಿನ್ ಅಂತ ಬಂತು. ನಮ್ಮ ಅಮ್ಮ ದಿನಾ "ನನ್ನಿಂದ ಆಯಿತು" ಅಂತ ಅಳುತ್ತಾಳೆ. ನನಗೂ ಬರುತ್ತದಾ, ಅವಳ ಮಕ್ಕಳಿಗೂ ಬರುತ್ತದಾ?

ನರಮಂಡಲ

ಪಾರ್ಕಿನ್ ಜೀನ್ ಗುರುತಿಸಿದ್ದು 1998ರಲ್ಲಿ, ಜಪಾನಿನ ಸಂಶೋಧಕರು. ಚಿಕ್ಕ ವಯಸ್ಸಿನ ಪಾರ್ಕಿನ್ಸನ್‌ಗೆ ಜೀನ್ ಕಾರಣ ಸಿಕ್ಕಿದಾಗ ಅತಿ ಹೆಚ್ಚು ಕಾಣುವುದು ಇದೇ. ಕಾಯಿಲೆ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಸಿಗಬೇಕು. ಅಂದಮೇಲೆ "ಅಮ್ಮನಿಂದ ಆಯಿತು" ಅನ್ನುವ ಮಾತೇ ನಿಲ್ಲುವುದಿಲ್ಲ. ಇಬ್ಬರೂ ವಾಹಕರು, ಇಬ್ಬರಿಗೂ ಗೊತ್ತಿರಲಿಲ್ಲ. ಸಂಬಂಧಿಕರಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರ ಹತ್ತಿರವೂ ಇರುವ ಸಂಭವ ಜಾಸ್ತಿ, ಅಷ್ಟೇ.

ನಿಮಗೆ ನಾಲ್ಕರಲ್ಲಿ ಒಂದು ಸಾಧ್ಯತೆ ಇತ್ತು. ತಂಗಿಯ ಮಕ್ಕಳಿಗೆ ಒಂದು ಕೆಟ್ಟ ಪ್ರತಿ ಹೋಗೇ ಹೋಗುತ್ತದೆ. ಕಾಯಿಲೆ ಬರಬೇಕಾದರೆ ಅವರ ಅಪ್ಪನಿಂದಲೂ ಒಂದು ಬರಬೇಕು. ಅವರು ವಾಹಕರಲ್ಲದಿದ್ದರೆ ಮಕ್ಕಳಿಗೆ ಈ ಕಾರಣದಿಂದ ಭಯ ಇಲ್ಲ. ಪರೀಕ್ಷೆ ಮಾಡಿಸುವ ಮುಂಚೆ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಿ. ಫಲಿತಾಂಶ ಒಮ್ಮೆ ಗೊತ್ತಾದರೆ ಗೊತ್ತಿಲ್ಲದಂತೆ ಇರಲು ಆಗುವುದಿಲ್ಲ, ಅಲ್ವಾ?

ಪಾರ್ಕಿನ್ ಇದ್ದವರಲ್ಲಿ ಕಾಯಿಲೆ ಬಹಳ ನಿಧಾನವಾಗಿ ಸಾಗುತ್ತದೆ. ಕಡಿಮೆ ಡೋಸಿಗೇ ಚೆನ್ನಾಗಿ ಬಗ್ಗುತ್ತದೆ. ನೆನಪು, ಬುದ್ಧಿ ಸಾಮಾನ್ಯವಾಗಿ ಹಾಳಾಗುವುದಿಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ.

ಬಲಗೈ ಮುಷ್ಕರ

ಇಲ್ಲಿ ಬರೆದು ಕೆಲವು ವಾರ ಆಯಿತು. ಮೊದಲ ಡಾಕ್ಟರ ಚೀಟಿಯನ್ನೇ ಹಿಡಿದೆ. ಅರ್ಧ ಮಾತ್ರೆಯಿಂದ ಶುರು. ಮೊದಲ ವಾರ ಹೊಟ್ಟೆ ತೊಳಸಿ ಸಾಕಾಯಿತು, ಇದು ಬೇಡ ಅನಿಸಿತ್ತು. ಆಮೇಲೆ ಒಗ್ಗಿತು. ಒಂದು ಬೆಳಿಗ್ಗೆ ಫೈಲ್ ಒಂದೇ ಏಟಿಗೆ ತೆರೆಯಿತು. ನಾನು ಅದನ್ನು ಮುಚ್ಚಿದೆ, ಮತ್ತೆ ತೆರೆದೆ. ಪಕ್ಕದ ಮೇಜಿನವನು "ಏನು ಸರ್, ಫೈಲ್ ಕರಪ್ಟ್ ಆಗಿದೆಯಾ?" ಅಂದ.

ಒಂದು ಗೊಂದಲ. ಮಧ್ಯಾಹ್ನದ ಮಾತ್ರೆ ಮಾತ್ರ ಕೆಲವು ದಿನ ಹತ್ತುವುದೇ ಇಲ್ಲ. ಮತ್ತೆ ಆಫೀಸಿನಲ್ಲಿ ಇದನ್ನು ಹೇಳಬೇಕಾ ಬೇಡವಾ?

ನಿಧಾನವೇ ಪ್ರಧಾನ

ಮಧ್ಯಾಹ್ನ ಊಟದ ಜೊತೆ ನುಂಗುತ್ತಿದ್ದೀರಿ ಅಂತ ಕಾಣುತ್ತದೆ. ಲೆವೊಡೋಪಾ ಮತ್ತು ಪ್ರೋಟೀನಿನ ಅಮೈನೋ ಆಮ್ಲಗಳು ಕರುಳಿನಲ್ಲೂ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು, ಮೆದುಳಿಗೂ ಹಾಗೇ. ತಳ್ಳಾಟದಲ್ಲಿ ಮಾತ್ರೆ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಮುಂಚೆ ನುಂಗಿ ನೋಡಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಬೇಕು. ಪ್ರೋಟೀನನ್ನೇ ಬಿಡಬೇಡಿ, ಸ್ನಾಯು ಕರಗುತ್ತದೆ.

ಆಫೀಸು. ನಟ ಮೈಕೆಲ್ ಜೆ. ಫಾಕ್ಸ್‌ಗೆ 1991ರಲ್ಲಿ, 29ನೇ ವಯಸ್ಸಿನಲ್ಲಿ ಗೊತ್ತಾಯಿತು. ಲೋಕಕ್ಕೆ ಹೇಳಿದ್ದು 1998ರಲ್ಲಿ. ಏಳು ವರ್ಷ ಮುಚ್ಚಿಟ್ಟರು. ಅಷ್ಟು ದುಡ್ಡು, ಹೆಸರು ಇದ್ದವರಿಗೇ ಅಷ್ಟು ಕಾಲ ಬೇಕಾಯಿತು ಅಂದಮೇಲೆ ನೀವು ನಾಳೆಯೇ ಹೇಳಬೇಕಿಲ್ಲ. ನಾನು ಹೇಳಿದ್ದು ಬೇರೆ ಕಾರಣಕ್ಕೆ. ಮುಖದ ಸ್ನಾಯು ಬಿಗಿಯುವುದರಿಂದ ನಗು ಬರುತ್ತಿರಲಿಲ್ಲ. ಕೈಕೆಳಗಿನವರೆಲ್ಲ ನಾನು ಸಿಟ್ಟಾಗಿದ್ದೇನೆ ಅಂದುಕೊಂಡು ದೂರ ಆದರು. ಮೀಟಿಂಗಿನಲ್ಲಿ ಕೈ ಜೇಬಿನೊಳಗೆ ಬಚ್ಚಿಡುವುದರಲ್ಲೇ ಅರ್ಧ ಶಕ್ತಿ ಹೋಗುತ್ತಿತ್ತು. ಒತ್ತಡ ಹೆಚ್ಚಾದಷ್ಟೂ ನಡುಕ ಜಾಸ್ತಿ. ಹೇಳಿಬಿಟ್ಟ ಮೇಲೆ ಅದಾದರೂ ಉಳಿಯಿತು.

ಅರ್ಧಾಂಗಿ

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಇವರು ಹೇಳಿದರು. ಬೈಯಲಿಲ್ಲ, ತೆಗೆಯಲಿಲ್ಲ. ಮೆಲ್ಲಗೆ ಒಳ್ಳೆಯ ಕೆಲಸಗಳನ್ನೆಲ್ಲ ಬೇರೆಯವರಿಗೆ ಕೊಟ್ಟು "ನೀವು ಆರಾಮಾಗಿರಿ ಸರ್" ಅಂದರು. ಆ ಆರಾಮು ಇವರನ್ನು ಕಾಯಿಲೆಗಿಂತ ಜಾಸ್ತಿ ಕುಗ್ಗಿಸಿತು. ಮೊದಲು ಕಂಪನಿಯ ನಿಯಮ, ವಿಮೆಯ ಷರತ್ತು ಓದಿ. ನಂಬಿಕೆಯ ಒಬ್ಬರಿಗೆ ಹೇಳಿ. ಹೇಳುವಾಗ ಬರೀ ಕಾಯಿಲೆಯ ಹೆಸರು ಹೇಳಬೇಡಿ, ಏನು ಬೇಕು ಅಂತಲೂ ಹೇಳಿ: ಮೀಟಿಂಗ್ ಮಾತ್ರೆ ಹತ್ತಿದ ಹೊತ್ತಿಗೆ ಇರಲಿ, ಟೈಪಿಂಗ್ ಬದಲು ಮಾತಿನಿಂದ ಬರೆಯುವ ಸಾಫ್ಟ್‌ವೇರ್ ಕೊಡಿ, ಹೀಗೆ.

ಪುಟ್ಟಿಯ ಅಮ್ಮ

ನಾನು ಆಫೀಸಿಗೆ ಹೇಳಿಲ್ಲ, ಮಗಳಿಗೆ ಹೇಳಿದೆ. ಆರು ವರ್ಷದವಳು. "ನಿನ್ನ ಕೈ ಮಾತ್ರೆ ಹಾಕೋ ತನಕ ಎದ್ದಿರಲ್ವಾ?" ಅಂತ ಕೇಳಿ ಆಟಕ್ಕೆ ಹೋದಳು. ಅವಳಿಗೆ ಅಂಟುತ್ತದಾ ಅನ್ನುವುದೊಂದೇ ಚಿಂತೆ ಇತ್ತು, ಇಲ್ಲ ಅಂದ ಮೇಲೆ ಮುಗಿಯಿತು.

ಬಲಗೈ ಮುಷ್ಕರ

ಊಟಕ್ಕೆ ಮುಂಚೆ ನುಂಗಿದರೆ ಹತ್ತುತ್ತಿದೆ, ನಿಧಾನ ಸರ್‌ಗೆ ಧನ್ಯವಾದ. ಆಫೀಸಿನದು ಸದ್ಯಕ್ಕೆ ಟೀಮ್ ಲೀಡ್ ಒಬ್ಬರಿಗೆ ಹೇಳೋಣ ಅಂತಿದ್ದೇವೆ. ಕೊನೆಯ ಪ್ರಶ್ನೆ. ಮೆದುಳಿಗೆ ತಂತಿ ಹಾಕುವ ಆಪರೇಷನ್ ಚಿಕ್ಕ ವಯಸ್ಸಿನವರಿಗೆ ಬೇಗ ಮಾಡಿದರೆ ಒಳ್ಳೆಯದಂತೆ, ಹೌದಾ? ಈಗಲೇ ಮಾಡಿಸಬಹುದಾ?

ನರಮಂಡಲ

ಈಗಲೇ ಬೇಡ. ಡಿಬಿಎಸ್ ಅಂದರೆ ಮೆದುಳಿನ ಆಳಕ್ಕೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು ಕರೆಂಟ್ ಕೊಡುವುದು. ಈಗಿನ ರೂಪದಲ್ಲಿ ಇದನ್ನು 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬೆನಾಬಿಡ್ ಮತ್ತು ಅವರ ತಂಡ ಶುರು ಮಾಡಿತು. ನೀವು ಕೇಳಿರುವುದು 2013ರ ಅರ್ಲಿಸ್ಟಿಮ್ ಅಧ್ಯಯನದ ವಿಷಯ ಇರಬೇಕು. 251 ಜನ, ಸರಾಸರಿ ವಯಸ್ಸು 52, ಕಾಯಿಲೆ ಬಂದು ಸರಾಸರಿ ಏಳೂವರೆ ವರ್ಷ. ಡಿಸ್ಕೈನೇಷಿಯಾ, ಮಾತ್ರೆಯ ಪ್ರಭಾವದ ಏರಿಳಿತ ಶುರುವಾಗಿ ಹೆಚ್ಚು ಕಾಲ ಆಗದವರು. ಎರಡು ವರ್ಷದ ಕೊನೆಗೆ ಆಪರೇಷನ್ ಆದವರ ಜೀವನದ ಗುಣಮಟ್ಟ ಶೇ. 26ರಷ್ಟು ಸುಧಾರಿಸಿತ್ತು. ಬರೀ ಮಾತ್ರೆಯಲ್ಲಿದ್ದವರದ್ದು ಇದ್ದಲ್ಲೇ ಇತ್ತು. ಅಲ್ಲಿ ಬೇಗ ಅಂದದ್ದು ಈ ಹಂತಕ್ಕೆ.

ಕಾಯಿಲೆ ಶುರುವಾಗಿ ಕೆಲವು ವರ್ಷ ಕಾಯುವುದಕ್ಕೆ ಕಾರಣ ಇದೆ. ಪಾರ್ಕಿನ್ಸನ್ ಥರ ಕಾಣುವ ಬೇರೆ ಕಾಯಿಲೆಗಳು ಅಷ್ಟರಲ್ಲಿ ತಮ್ಮ ನಿಜರೂಪ ತೋರಿಸುತ್ತವೆ, ಅವಕ್ಕೆ ಡಿಬಿಎಸ್ ಪ್ರಯೋಜನ ಇಲ್ಲ. ಲೆವೊಡೋಪಾಗೆ ಯಾವ ಲಕ್ಷಣ ಬಗ್ಗುತ್ತದೋ ಹೆಚ್ಚುಕಮ್ಮಿ ಅದೇ ಡಿಬಿಎಸ್‌ಗೂ ಬಗ್ಗುತ್ತದೆ. ನಡುಕ ಮಾತ್ರ ಮಾತ್ರೆಗೆ ಬಗ್ಗದಿದ್ದರೂ ಇದಕ್ಕೆ ಬಗ್ಗಬಹುದು. ಮಾತಿನ ತೊದಲು, ಬ್ಯಾಲೆನ್ಸ್ ತಪ್ಪುವುದು ಸರಿಹೋಗುವುದಿಲ್ಲ, ಕೆಲವರಿಗೆ ಮಾತು ಇನ್ನೂ ಕೆಡುತ್ತದೆ. ಖಿನ್ನತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ನಿಮಗೆ ಈಗ ಅರ್ಧ ಮಾತ್ರೆಯಲ್ಲಿ ದಿನ ನಡೆಯುತ್ತಿದೆ. ಮಾತ್ರೆ ಇಳಿಯುವ ಹೊತ್ತು ಕೆಲಸದ ಮಧ್ಯೆ ಅಡ್ಡ ಬರಲು ಶುರುವಾದಾಗ, ಮಾತ್ರೆ ಹೊಂದಿಸಿಯೂ ಸಾಲದಾದಾಗ, ಆಗ ಕೇಳಿ. ಅಲ್ಲಿಯವರೆಗೆ ಫಿಸಿಯೋ ಮೇಡಂ ಹೇಳಿದ ಸೈಕಲ್ ತುಳಿಯಿರಿ.

ಫಿಸಿಯೋ ಅಕ್ಕ

ಏದುಸಿರು ಬರಬೇಕು, ನೆನಪಿರಲಿ. ಫೋನ್ ನೋಡಿಕೊಂಡು ತುಳಿದದ್ದು ಲೆಕ್ಕಕ್ಕಿಲ್ಲ.